ಮುರಿದ ಪಟ್ಟಿಯ ಮುಂದಿನ ಸಂಖ್ಯೆ

[ತೆರೆಯ ಮೇಲೆ: 1, 2, 3, ಒಂದು ಎಚ್ಚರಿಕೆ, ಮತ್ತೆ 1]

ಅರ್ಜಿ ತುಂಬುವ ಕ್ರಮವನ್ನು ವಿವರಿಸುವ ಜಾಲಪುಟದಲ್ಲಿ ಮೂರು ಹಂತಗಳ ನಂತರ ಎಚ್ಚರಿಕೆಯ ಸಾಲೊಂದು ಬಂದು, ನಾಲ್ಕನೆಯ ಹಂತಕ್ಕೆ ಮತ್ತೆ 1 ಎಂಬ ಸಂಖ್ಯೆಯೇ ಬಿದ್ದರೆ, ‘4ನೇ ಹಂತ ನೋಡಿ’ ಎಂಬ ಮಾತನ್ನು ನಂಬಿದ ಓದುಗರು ದಾರಿ ತಪ್ಪುತ್ತಾರೆ.

ಜಾಲಪುಟದ ರಚನೆಯನ್ನು ಗುರುತಿಸುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಪ್ರತಿಯೊಂದು ಸಂಖ್ಯಾಪಟ್ಟಿಯೂ, ಅಂದರೆ ‘ಓಎಲ್’ ಎಂಬ ಗುರುತಿನೊಳಗೆ ಬರುವ ಅಂಶಗಳ ಗುಂಪು, ಸ್ವತಂತ್ರ ಘಟಕವಾಗಿರುವುದರಿಂದ, ಹಿಂದಿನ ಪಟ್ಟಿ ಎಲ್ಲಿಗೆ ನಿಂತಿತೆಂಬುದು ಮುಂದಿನದಕ್ಕೆ ತಿಳಿಯುವುದಿಲ್ಲ.

[ತೆರೆಯ ಮೇಲೆ: ಸ್ಟಾರ್ಟ್ = 4]

‘ಸ್ಟಾರ್ಟ್’ ಎಂಬ ಗುಣಲಕ್ಷಣಕ್ಕೆ 4 ಎಂಬ ಬೆಲೆ ಕೊಟ್ಟರೆ ಎಣಿಕೆ ಮುಂದುವರಿಯುತ್ತದೆಯಾದರೂ, ಮೇಲೆ ಹೊಸ ಹಂತವೊಂದು ಸೇರಿದೊಡನೆ ಆ ಸಂಖ್ಯೆಯನ್ನು ಕೈಯಾರೆ ತಿದ್ದಬೇಕಾಗುತ್ತದೆ. 1997ರ ಎಚ್‌ಟಿಎಂಎಲ್ 4, ಪಟ್ಟಿಯ ಸಂಖ್ಯೆಯನ್ನು ಕೇವಲ ರೂಪದ ವಿಷಯವೆಂದು ಬಗೆದು, ಈ ಗುಣಲಕ್ಷಣವನ್ನು ಕೈಬಿಡಬೇಕಾದವುಗಳ ಸಾಲಿಗೆ ಸೇರಿಸಿತು. 1998ರಲ್ಲಿ ಸಿಎಸ್‌ಎಸ್ 2, ಅಂದರೆ ಪುಟದ ರೂಪವನ್ನು ನಿರ್ಧರಿಸುವ ಶೈಲಿಭಾಷೆಯ ಎರಡನೆಯ ಆವೃತ್ತಿ, ತಾನಾಗಿ ಎಣಿಸುವ ‘ಕೌಂಟರ್’ಗಳನ್ನು ಒದಗಿಸಿತಾದರೂ, ಶೈಲಿಕಡತ ತಲುಪದೆಡೆ ಆ ಎಣಿಕೆಯೂ ಕಾಣೆಯಾಗುತ್ತದೆ. ಹಂತದ ಸಂಖ್ಯೆ ಅರ್ಥದ ಭಾಗವೇ ಹೊರತು ಅಲಂಕಾರವಲ್ಲ. 2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್ 5 ‘ಸ್ಟಾರ್ಟ್’ಗೆ ಮತ್ತೆ ಮಾನ್ಯತೆ ನೀಡಿದ್ದು ಸರಿಯಾದ ನಿರ್ಧಾರ.

[ತೆರೆಯ ಮೇಲೆ: 1, 2, 3 (ಎಚ್ಚರಿಕೆ ಒಳಗೆ), 4]

ಎಚ್ಚರಿಕೆಯ ಸಾಲನ್ನು ಪಟ್ಟಿಯ ಹೊರಗಿಡದೆ, ಮೂರನೆಯ ಹಂತವನ್ನು ಹಿಡಿದಿಡುವ ‘ಎಲ್‌ಐ’ ಗುರುತಿನೊಳಗೇ ಬರೆದರೆ, ಪಟ್ಟಿ ತುಂಡಾಗುವುದೂ ಇಲ್ಲ, ನಡುವೆ ಹೊಸ ಹಂತ ಸೇರಿದರೂ ಎಣಿಕೆ ತಪ್ಪುವುದಿಲ್ಲ.