ಗಿಟಾರ್ ಬದಲಿಸಬೇಕೋ, ಅದರ ಗಂಟಲನ್ನೋ?

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರನ್ನು ಒಂದಲ್ಲ ಒಂದು ದಿನ ಈ ಪ್ರಶ್ನೆ ಕಾಡಿಯೇ ಕಾಡುತ್ತದೆ. ಬೆರಳು ಪಳಗಿದೆ, ದನಿ ಮಾತ್ರ ಹಿಡಿಸುತ್ತಿಲ್ಲ. ಹೊಸ ವಾದ್ಯ ಕೊಳ್ಳುವುದೋ, ಇರುವುದರ ಪಿಕಪ್ ಬದಲಿಸುವುದೋ?

ತಂತಿಗಳ ಅಡಿಯಲ್ಲಿ ಕೂರುವ ಈ ಪಿಕಪ್ ನೋಡಲು ಏನೇನೂ ಅಲ್ಲ. ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು, ಅಷ್ಟೇ. ಮೀಟಿದ ಉಕ್ಕಿನ ತಂತಿ ಅಯಸ್ಕಾಂತದ ಕ್ಷೇತ್ರವನ್ನು ಕಲಕುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಸುತ್ತು ಹೆಚ್ಚಿದಷ್ಟೂ ದನಿ ಜೋರು. ಹೊಳಪು ಮಾತ್ರ ಕಡಿಮೆ.

ಒಂಟಿ ಸುರುಳಿಗೆ ಒಂದು ರೋಗವಿದೆ, ಗುಂಯ್ ಎನ್ನುವ ಸದ್ದು. ಸುತ್ತಲಿನ ವಿದ್ಯುತ್ತನ್ನೂ ಅದು ಹೀರಿಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ ಇದಕ್ಕೆ ಮದ್ದು ಹುಡುಕಿ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಎರಡು ಸುರುಳಿಗಳನ್ನೂ ಅವುಗಳ ಅಯಸ್ಕಾಂತದ ಧ್ರುವಗಳನ್ನೂ ಒಂದಕ್ಕೊಂದು ಎದುರಾಗಿ ಜೋಡಿಸಿದರೆ ಹೊರಗಿನ ಗುಂಯ್ ಪರಸ್ಪರ ಅಳಿಸಿಹೋಗಿ, ತಂತಿಯ ದನಿ ಉಳಿಯುತ್ತದೆ. ಅದೇ ಹಂಬಕರ್. 'ಪೇಟೆಂಟ್ ಅಪ್ಲೈಡ್ ಫಾರ್' ಎಂಬ ಚೀಟಿ ಅಂಟಿಸಿಕೊಂಡು ಹೊರಬಂದ ಆ ಹಳೆಯ ಪಿಕಪ್‌ಗಳಲ್ಲಿ ಸುತ್ತಿನ ಲೆಕ್ಕ ಒಂದರಂತೆ ಇನ್ನೊಂದಿಲ್ಲ, ಅಯಸ್ಕಾಂತವೂ ಒಂದೇ ಬಗೆಯದಲ್ಲ. ಇಂದಿನ ತಯಾರಕರು ಆ ಏರುಪೇರನ್ನೇ ಶ್ರದ್ಧೆಯಿಂದ ನಕಲು ಮಾಡುತ್ತಾರೆ! ಮುಂದೆ ಬಂದ ಚೀಟಿಯ ಮೇಲೆ ಗಿಬ್ಸನ್ ಮುದ್ರಿಸಿದ ಪೇಟೆಂಟ್ ಸಂಖ್ಯೆಯೂ ಪಿಕಪ್‌ನದಲ್ಲ, ಬೇರೊಂದು ಬಿಡಿಭಾಗದ್ದು.

ಇನ್ನೊಂದು ಹೆಸರು ಫೆಂಡರ್ ಕಾರ್ಖಾನೆಯ ಅಬಿಗೈಲ್ ಇಬಾರಾ ಅವರದು. 1956ರಲ್ಲಿ ಕೆಲಸಕ್ಕೆ ಸೇರಿ ದಶಕಗಳ ಕಾಲ ಸುರುಳಿ ಸುತ್ತಿದರು. ತಿರುಗುವುದು ಯಂತ್ರ, ತಂತಿ ಹಿಡಿದು ನಡೆಸುವುದು ಬೆರಳು. ಅವರು ಸುತ್ತಿದ ಪಿಕಪ್‌ಗಾಗಿ ಇಂದಿಗೂ ಜನ ದುಬಾರಿ ಬೆಲೆ ಕೊಡುತ್ತಾರೆ. ಬಿಡಿಯಾಗಿ ಕೊಂಡು ಹಾಕಿಸಿಕೊಳ್ಳುವ ರೂಢಿ ಬೆಳೆದದ್ದು 1970ರ ದಶಕದಲ್ಲಿ, ಲ್ಯಾರಿ ಡಿಮಾರ್ಜಿಯೋ ಅವರ 'ಸೂಪರ್ ಡಿಸ್ಟಾರ್ಷನ್' ಪಿಕಪ್ ಬಂದ ಮೇಲೆ.

ಈಗ ಮೂಲ ಪ್ರಶ್ನೆ. ಪಿಕಪ್ ದನಿಯನ್ನು ಬದಲಿಸುತ್ತದೆ, ಕೈಗೆ ಸಿಗುವ ಹಿಡಿತವನ್ನಲ್ಲ. ನೆಕ್ ಬಾಗಿ ನೆಟ್ಟಗಾಗದಿದ್ದರೆ, ಫ್ರೆಟ್ ಸವೆದಿದ್ದರೆ, ಕೀಲಿ ಸಡಿಲವಾಗಿ ಶ್ರುತಿ ನಿಲ್ಲದಿದ್ದರೆ ಎಷ್ಟೇ ಹೆಸರಾಂತ ಪಿಕಪ್ ಹಾಕಿದರೂ ದುಡ್ಡು ದಂಡ. ಅಂಥ ಗಿಟಾರನ್ನು ಮಾರಿ ಹೊಸದು ಕೊಳ್ಳುವುದೇ ಲೇಸು. ಕೈಗೆ ಒಗ್ಗಿದ ವಾದ್ಯವಾದರೆ, ಅಗ್ಗದ್ದಾದರೂ ಸರಿ, ನನ್ನ ಮತ ಪಿಕಪ್‌ಗೆ.

ಅದಕ್ಕೂ ಮೊದಲು ಹೊಸ ತಂತಿ ಹಾಕಿ, ಸ್ಕ್ರೂಡ್ರೈವರ್ ಹಿಡಿದು ಪಿಕಪ್‌ನ ಎತ್ತರ ಸರಿಮಾಡಿ ನೋಡಿ. ತಂತಿಗೆ ತೀರ ಹತ್ತಿರವಿದ್ದರೆ ಅಯಸ್ಕಾಂತದ ಸೆಳೆತಕ್ಕೆ ಸ್ವರವೇ ತೊನೆದಾಡುತ್ತದೆ. ಗುಂಯ್ ಸದ್ದು ತಂತಿ ಮುಟ್ಟಿದೊಡನೆ ನಿಂತರೆ ಅದು ಹೆಚ್ಚಾಗಿ ಒಳಗಿನ ಲೋಹದ ಹೊದಿಕೆಯ, ಅಂದರೆ ಶೀಲ್ಡಿಂಗ್‌ನ ಕೊರತೆ. ಮನೆಯ ಅರ್ಥಿಂಗ್ ಕೆಟ್ಟಿದ್ದರೆ ಕರೆಸಬೇಕಾದ್ದು ಎಲೆಕ್ಟ್ರಿಷಿಯನ್‌ನನ್ನು. ಒಂಟಿ ಸುರುಳಿಯ ಜಾಗದಲ್ಲಿ ಪೂರ್ಣ ಅಳತೆಯ ಹಂಬಕರ್ ಕೂರಿಸಲು ಮರ ಕೆತ್ತಬೇಕಾದೀತು, 250 ಕಿಲೋಓಮ್‌ನ ಪಾಟ್ (ದನಿ ಏರಿಳಿಸುವ ಗುಂಡಿಯ ಅಡಿಯ ರೋಧಕ) ತೆಗೆದು 500ರದ್ದು ಹಾಕುವುದು ರೂಢಿ. ಬಿಚ್ಚಿದ ಹಳೆಯ ಪಿಕಪ್ ಎಸೆಯಬೇಡಿ. ಹೊಸದಕ್ಕೆ ಸುರಿದ ಹಣ ಗಿಟಾರ್ ಮಾರುವಾಗ ವಾಪಸು ಬರುವುದು ಅಪರೂಪ. ಹಳೆಯದನ್ನೇ ಮರಳಿ ಕೂರಿಸಿ ಮಾರಿ, ಒಳ್ಳೆಯದನ್ನು ಮುಂದಿನ ಗಿಟಾರಿಗೆ ಉಳಿಸಿಕೊಳ್ಳಬಹುದು.