ಅಟ್ಟ ಮೇಲೆ ಉರಿಯುವ ಒಲೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸ್‌ಬಾಲ್ ಆಟವು ವಸಂತದ ಆದಿಯಲ್ಲಿ ಮೊದಲಾಗಿ ಶರತ್ಕಾಲದವರೆಗೆ ಹೆಚ್ಚುಕಡಮೆ ದಿನಂಪ್ರತಿ ನಡೆಯುತ್ತದೆ. ಒಂದೊಂದು ತಂಡವೂ ಒಂದು ಋತುವಿನಲ್ಲಿ 162 ಪಂದ್ಯಗಳನ್ನು ಆಡಿ ಮುಗಿಸುತ್ತದೆ. ಅನಂತರ ಬರುವ ಚಳಿಗಾಲದಲ್ಲಿ ಮೈದಾನಗಳು ಬರಿದಾಗಿರುತ್ತವೆಯಾದರೂ ಆಟ ಪೂರ್ತಿಯಾಗಿ ನಿಂತಿತೆಂದು ಹೇಳುವಂತಿಲ್ಲ. ತಮ್ಮ ಆಟಗಾರರನ್ನು ಬಿಟ್ಟುಕೊಟ್ಟು ಮತ್ತೊಂದು ತಂಡದ ಆಟಗಾರರನ್ನು ಪಡೆಯುವ ವಿನಿಮಯಗಳೂ, ಕರಾರಿನ ಅವಧಿ ತೀರಿ ಸ್ವತಂತ್ರರಾದವರನ್ನು ಹೊಸ ಕರಾರಿನಿಂದ ಸೇರಿಸಿಕೊಳ್ಳುವ ವ್ಯವಹಾರಗಳೂ ಬಹುಮಟ್ಟಿಗೆ ನಡೆಯುವುದು ಈ ತಿಂಗಳುಗಳಲ್ಲಿಯೇ. ಮರುವರ್ಷ ಫಲಾಫಲಗಳು ಕಣ್ಣೆದುರಿಗೆ ಬಂದ ಮೇಲೆ ಅಭಿಮಾನಿಗಳೂ ಪತ್ರಿಕೆಗಳವರೂ ಆ ವ್ಯವಹಾರಗಳನ್ನು ಮತ್ತೆ ವಿಚಾರಣೆಗೆ ತೆಗೆದುಕೊಂಡು, ಇಂಥವನನ್ನು ಬಿಟ್ಟುಕೊಟ್ಟದ್ದು ಅವಿವೇಕವೆಂದೂ, ಅದು ಆಗಲೇ ಯಾರಿಗಾದರೂ ತಿಳಿಯಬೇಕಾಗಿತ್ತೆಂದೂ ತೀರ್ಪು ಹೇಳುತ್ತಾರೆ.

ಹೀಗೆ ತೀರ್ಪು ಹೇಳುವ ಪ್ರವೃತ್ತಿಯನ್ನು ಕೇವಲ ಕಾಲಹರಣವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅಪಾರ ಧನವೂ, ಆಟಗಾರರ ಜೀವನವೂ, ಒಂದು ನಗರದ ಜನರ ಆಶೋತ್ತರಗಳೂ ಒಳಗೊಂಡಿರುವ ನಿರ್ಧಾರಗಳನ್ನು ಪ್ರಶ್ನಿಸುವ ಅಧಿಕಾರ ಜನರಿಗೆ ಇದ್ದೇ ಇದೆ. ಆದರೆ ಪ್ರಶ್ನಿಸುವುದಕ್ಕೂ ಒಂದು ಕ್ರಮವುಂಟು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಮನಶ್ಶಾಸ್ತ್ರವೂ ಸಂಖ್ಯಾಶಾಸ್ತ್ರವೂ ಆ ಕ್ರಮವನ್ನು ಬಹುಮಟ್ಟಿಗೆ ವಿಶದಪಡಿಸಿವೆ. ನಿರ್ಧಾರದ ಗುಣದೋಷಗಳನ್ನು ಅದನ್ನು ಕೈಗೊಂಡ ದಿನದ ತಿಳಿವಳಿಕೆಯಿಂದ ಅಳೆಯಬೇಕೇ ಹೊರತು ಆಮೇಲೆ ದೊರೆತ ಫಲದಿಂದಲ್ಲ ಎಂಬುದೇ ಅದರ ಸಾರ. ಈ ಮಾತಿಗೆ ಎಲ್ಲರೂ ತಲೆದೂಗುತ್ತಾರೆ. ಆಚರಣೆಗೆ ತರುವವರು ಮಾತ್ರ ವಿರಳ. ಅದರ ಕಾರಣವನ್ನು ತಿಳಿಯಲು, ಬೇಸ್‌ಬಾಲ್ ಚರಿತ್ರೆಯಲ್ಲಿ ಸಮನಾಗಿ ನಿಂದೆಗೆ ಪಾತ್ರವಾಗಿರುವ ಎರಡು ವಿನಿಮಯಗಳನ್ನು ಸಮೀಪದಿಂದ ನೋಡುವುದು ಉಚಿತ.

ಮೊದಲನೆಯದು 1971ರ ಡಿಸೆಂಬರಿನದು. ನ್ಯೂಯಾರ್ಕ್ ಮೆಟ್ಸ್ ತಂಡವು ನೋಲನ್ ರಯಾನ್ ಎಂಬ 24 ವರ್ಷದ ಪಿಚರನನ್ನೂ (ಚೆಂಡೆಸೆಯುವವನನ್ನೂ) ಅವನ ಜೊತೆಗೆ ಇನ್ನೂ ಮೂವರನ್ನೂ ಕ್ಯಾಲಿಫೋರ್ನಿಯಾ ಏಂಜಲ್ಸ್ ತಂಡಕ್ಕೆ ಕೊಟ್ಟು, ಪ್ರತಿಯಾಗಿ ಜಿಮ್ ಫ್ರೆಗೋಸಿ ಎಂಬೊಬ್ಬನನ್ನು ತಂದುಕೊಂಡಿತು. ಫ್ರೆಗೋಸಿ ಆರು ಸಲ ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗಿದ್ದ ಪ್ರಖ್ಯಾತ ಆಟಗಾರ. ಹೊಸ ಊರಿನಲ್ಲಿ ಅವನಿಗೆ ಗಾಯವೂ ವೈಫಲ್ಯವೂ ಕಾದಿದ್ದುವು. 1973ರ ನಡುವಿಗೆ ಮೆಟ್ಸ್‌ನವರು ಅವನನ್ನು ಮಾರಿಬಿಟ್ಟರು. ಇತ್ತ ರಯಾನ್ 1972ರಲ್ಲಿ 329 ಮಂದಿಯನ್ನೂ ಮರುವರ್ಷ 383 ಮಂದಿಯನ್ನೂ ಮೂರು ಸ್ಟ್ರೈಕುಗಳಿಂದ ಔಟ್ ಮಾಡಿದನು. 27 ಋತುಗಳ ಕಾಲ ಆಡಿ, ಒಟ್ಟು 5714 ಸ್ಟ್ರೈಕ್‌ಔಟ್‌ಗಳೊಡನೆ, ಇಂದಿಗೂ ಯಾರೂ ಮುಟ್ಟಲಾರದ ದಾಖಲೆಯನ್ನು ಸ್ಥಾಪಿಸಿ ನಿವೃತ್ತನಾದನು. ಇಷ್ಟನ್ನು ಓದಿದವರಿಗೆ ಮೆಟ್ಸ್‌ನವರ ಅವಿವೇಕ ಹಗಲಿನಷ್ಟು ಸ್ಪಷ್ಟವಾಗಿ ಕಾಣುವುದು ಸಹಜ.

ಈಗ ಆ ಚಳಿಗಾಲದಲ್ಲಿ ಮೇಜಿನ ಮೇಲಿದ್ದ ಕಾಗದವನ್ನಷ್ಟೇ ನೋಡೋಣ. 1971ರಲ್ಲಿ ರಯಾನ್ 10 ಪಂದ್ಯಗಳನ್ನು ಗೆದ್ದು 14ರಲ್ಲಿ ಸೋತಿದ್ದನು. 152 ಇನ್ನಿಂಗ್ಸುಗಳಲ್ಲಿ 137 ಸ್ಟ್ರೈಕ್‌ಔಟ್ ಮಾಡಿದ್ದನೆಂಬುದು ನಿಜ. ಆದರೆ ಗುರಿತಪ್ಪಿದ ನಾಲ್ಕು ಎಸೆತಗಳಿಗಾಗಿ ಎದುರಾಳಿಗೆ ಮೊದಲನೆಯ ಬೇಸನ್ನು ಪುಕ್ಕಟೆಯಾಗಿ ಬಿಟ್ಟುಕೊಡಬೇಕಾದ ಪ್ರಸಂಗ ಅವನಿಗೆ 116 ಸಲ ಒದಗಿತ್ತು. ಒಂಬತ್ತು ಇನ್ನಿಂಗ್ಸಿನ ಪಂದ್ಯಕ್ಕೆ ಇದು ಸುಮಾರು ಏಳರಂತೆ ಬೀಳುತ್ತದೆ. ಅಂಥ ವೇಗವೂ ಅಂಥ ಅನಿಯಂತ್ರಣವೂ ಒಂದೆಡೆ ಕೂಡಿದ ತರುಣರಲ್ಲಿ ಹೆಚ್ಚಿನವರು ನಿಯಂತ್ರಣವನ್ನು ಸಾಧಿಸದೆಯೇ ಮರೆಯಾಗಿ ಹೋಗುತ್ತಾರೆ. ರಯಾನ್ ಹಾಗಾಗದೆ ಉಳಿದುದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಅವನಿಗೆ ನಿಯತವಾಗಿ ಎಸೆಯುವ ಸರದಿ ಸಿಕ್ಕಿದ್ದೂ, ಶಿಕ್ಷಕ ಟಾಮ್ ಮಾರ್ಗನ್ ಮತ್ತು ಕ್ಯಾಚರ್ ಜೆಫ್ ಟೋರ್ಬೋರ್ಗ್ ಅವನ ಎಸೆತದ ಭಂಗಿಯನ್ನು ತಾಳ್ಮೆಯಿಂದ ತಿದ್ದಿದ್ದೂ ಬಹಳಮಟ್ಟಿಗೆ ಕಾರಣ. ನ್ಯೂಯಾರ್ಕಿನಲ್ಲಿಯೇ ಉಳಿದಿದ್ದರೆ ಅವನು ಇದೇ ರಯಾನ್ ಆಗುತ್ತಿದ್ದನೆಂದು ಪ್ರಮಾಣ ಮಾಡಿ ಹೇಳುವವರು ಯಾರು? ಅಂದಿನ ಆಧಾರಗಳ ಮೇಲೆ ಆ ವಿನಿಮಯವನ್ನು ಚರ್ಚಾಸ್ಪದವೆನ್ನಬಹುದು. ಮೌಢ್ಯವೆಂದು ಕರೆಯುವುದು ಕಷ್ಟ.

ಆದರೂ ಮೌಢ್ಯವೆಂದೇ ನಮಗೆ ತೋರುವುದೇಕೆ? 1975ರಲ್ಲಿ ಬರೂಚ್ ಫಿಶ್‌ಹಾಫ್ ಎಂಬ ಮನಶ್ಶಾಸ್ತ್ರಜ್ಞನು ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರವನ್ನು ಕೊಡುತ್ತದೆ. 1814ರಲ್ಲಿ ಬ್ರಿಟಿಷರಿಗೂ ನೇಪಾಳದ ಗೂರ್ಖರಿಗೂ ನಡೆದ ಯುದ್ಧದ ಹಿನ್ನೆಲೆಯನ್ನು ವರ್ಣಿಸುವ ಒಂದು ಬರೆಹವನ್ನು ಅವನು ಹಲವು ಗುಂಪುಗಳಿಗೆ ಓದಲು ಕೊಟ್ಟನು. ಒಂದು ಗುಂಪಿಗೆ ಪರಿಣಾಮವನ್ನು ತಿಳಿಸಲಿಲ್ಲ. ಉಳಿದವುಗಳಲ್ಲಿ ಒಂದಕ್ಕೆ ಬ್ರಿಟಿಷರು ಗೆದ್ದರೆಂದೂ, ಮತ್ತೊಂದಕ್ಕೆ ಗೂರ್ಖರು ಗೆದ್ದರೆಂದೂ, ಮತ್ತೆ ಬೇರೆಯವಕ್ಕೆ ಯುದ್ಧ ಸಮಬಲದಲ್ಲಿ ನಿಂತಿತೆಂದೂ ತಿಳಿಸಿದನು. ಓದಿದ ಬರೆಹ ಒಂದೇ ಆಗಿದ್ದರೂ, ಪ್ರತಿಯೊಂದು ಗುಂಪಿನವರೂ ತಮಗೆ ಹೇಳಿದ ಪರಿಣಾಮವೇ ಮೊದಲಿನಿಂದಲೂ ಹೆಚ್ಚು ಸಂಭವನೀಯವಾಗಿತ್ತೆಂದು ಬಗೆದರು. ಆ ಪರಿಣಾಮಕ್ಕೆ ಅನುಕೂಲವಾದ ವಿವರಗಳೇ ಮುಖ್ಯವೆಂದು ಅವರಿಗೆ ತೋರಿದುವು. ಪರಿಣಾಮ ತಿಳಿಯದವರಂತೆ ಉತ್ತರ ಹೇಳಿರೆಂದು ಕೇಳಿಕೊಂಡಾಗಲೂ ಅವರಿಂದ ಅದು ಸಾಧ್ಯವಾಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮ ಹಿರಿಯರು ಹೇಳಿದ ಗಾದೆಗೆ ಈ ಪ್ರಯೋಗ ಇನ್ನೊಂದು ಮಾತನ್ನು ಸೇರಿಸಿತು: ಬುದ್ಧಿ ತಡವಾಗಿ ಬರುವುದು ಮಾತ್ರವಲ್ಲ, ಬಂದ ಕೂಡಲೆ ತಾನು ಮೊದಲಿನಿಂದಲೂ ಇಲ್ಲಿಯೇ ಇದ್ದೆನೆಂದು ನಮ್ಮನ್ನು ನಂಬಿಸಿಬಿಡುತ್ತದೆ.

ಇದು ತೀರ್ಪು ಹೇಳುವವನ ಮನಸ್ಸಿನೊಳಗಿನ ತೊಡಕು. ಹೊರಗಿನ ತೊಡಕೊಂದು ಆಟದ ಅಂಕಿಗಳಲ್ಲಿಯೇ ಅಡಗಿದೆ. ಬ್ಯಾಟುಗಾರನು ಎದುರಿಸಿದ ಸರದಿಗಳಲ್ಲಿ ಎಷ್ಟರಲ್ಲಿ ಚೆಂಡನ್ನು ಹೊಡೆದು ಸುರಕ್ಷಿತವಾಗಿ ಬೇಸನ್ನು ಸೇರಿದನೆಂಬ ಪ್ರಮಾಣಕ್ಕೆ ಅವನ ಸರಾಸರಿ ಎಂದು ಹೆಸರು. 0.300 ಸರಾಸರಿಯವನನ್ನು ಜನ ಕೊಂಡಾಡುತ್ತಾರೆ, 0.270ರವನು ಸಾಮಾನ್ಯ. ಋತುವೊಂದರ 600 ಸರದಿಗಳಲ್ಲಿ ಇವರಿಬ್ಬರಿಗೂ ಇರುವ ಅಂತರ 18 ಹೊಡೆತಗಳು, ಎಂದರೆ ತಿಂಗಳಿಗೆ ಮೂರು. ಆದರೆ ಸಾಮರ್ಥ್ಯದಲ್ಲಿ ಲೇಶಮಾತ್ರ ವ್ಯತ್ಯಾಸವಿಲ್ಲದ ಬ್ಯಾಟುಗಾರನ ಸರಾಸರಿಯೂ, ಕೇವಲ ಯದೃಚ್ಛೆಯಿಂದ, 600 ಸರದಿಗಳಲ್ಲಿ 0.018ರಷ್ಟು ಅತ್ತಿತ್ತ ಓಲಾಡುವುದು ಸಂಭಾವ್ಯತೆಯ ಗಣಿತದಿಂದ ಸಿದ್ಧವಾಗುತ್ತದೆ. ಆದುದರಿಂದ ಕಳೆದ ವರ್ಷ ಮಿಂಚಿದವನನ್ನು ಚಳಿಗಾಲದಲ್ಲಿ ಕೊಳ್ಳುವವರು ಅವನ ಸಾಮರ್ಥ್ಯದ ಜೊತೆಗೆ ಅವನ ಅದೃಷ್ಟಕ್ಕೂ ಬೆಲೆ ತೆರುತ್ತಾರೆ. ಮರುವರ್ಷ ಸಾಮರ್ಥ್ಯ ಉಳಿಯುತ್ತದೆ, ಅದೃಷ್ಟ ಉಳಿಯುವುದಿಲ್ಲ.

ಇದನ್ನು ಅತ್ಯಂತ ಮನೋಜ್ಞವಾಗಿ ತೋರಿಸಿದವರು ಬ್ರಾಡ್ಲಿ ಎಫ್ರಾನ್ ಮತ್ತು ಕಾರ್ಲ್ ಮಾರಿಸ್ ಎಂಬ ಸಂಖ್ಯಾಶಾಸ್ತ್ರಜ್ಞರು. 1970ರ ಋತುವಿನಲ್ಲಿ 18 ಮಂದಿ ಬ್ಯಾಟುಗಾರರ ಮೊದಲ 45 ಸರದಿಗಳ ಸರಾಸರಿಯನ್ನು ತೆಗೆದುಕೊಂಡು, ಉಳಿದ ಋತುವಿನಲ್ಲಿ ಅವರ ಸರಾಸರಿ ಏನಾದೀತೆಂದು ಊಹಿಸುವುದು ಅವರ ಸಮಸ್ಯೆ. ರಾಬರ್ಟೊ ಕ್ಲೆಮೆಂಟೆ 45ರಲ್ಲಿ 18 ಸಲ ಹೊಡೆದು 0.400ರಲ್ಲಿದ್ದನು, ತರ್ಮನ್ ಮನ್ಸನ್ ಎಂಟು ಸಲ ಮಾತ್ರ ಹೊಡೆದು 0.178ರಲ್ಲಿದ್ದನು, ಎಲ್ಲರ ಸರಾಸರಿ 0.265. ಇವರು ಅನುಸರಿಸಿದ ಸೂತ್ರ ಪ್ರತಿಯೊಬ್ಬನನ್ನೂ ಈ ನಡುವಿನ ಅಂಕಿಯ ಕಡೆಗೆ ಬಲವಾಗಿ ಎಳೆದು, ಅವನ ವ್ಯತ್ಯಾಸದಲ್ಲಿ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ಮಾತ್ರ ಉಳಿಸುತ್ತದೆ. ಅದರಂತೆ ಕ್ಲೆಮೆಂಟೆಗೆ ಸುಮಾರು 0.29, ಮನ್ಸನ್‌ಗೆ ಸುಮಾರು 0.25. ಉಳಿದ ಋತುವಿನಲ್ಲಿ ಅವರು ಗಳಿಸಿದ್ದು ಕ್ರಮವಾಗಿ 0.346 ಮತ್ತು 0.316. ಆರಂಭದಲ್ಲಿ ಅಜಗಜಾಂತರವೆಂದು ತೋರಿದ ಇಬ್ಬರೂ ಕೊನೆಗೆ ಅಕ್ಕಪಕ್ಕದಲ್ಲಿ ನಿಂತಿದ್ದರು. 18 ಮಂದಿಯನ್ನೂ ಒಟ್ಟಿಗೆ ತೆಗೆದುಕೊಂಡರೆ, ಮೊದಲ ಸರಾಸರಿಯನ್ನೇ ಊಹೆಯಾಗಿ ಹಿಡಿದಾಗ ಬರುವ ತಪ್ಪುಗಳ ವರ್ಗಗಳ ಮೊತ್ತ ಈ ಸೂತ್ರದಿಂದ ಮೂರನೆಯ ಒಂದು ಪಾಲಿಗಿಂತಲೂ ಕಡಮೆಗೆ ಇಳಿಯಿತು.

ಈ ಸೂತ್ರದ ಮೂಲ ಚಾರ್ಲ್ಸ್ ಸ್ಟೈನ್ 1956ರಲ್ಲಿ ಸಾಧಿಸಿದ ಒಂದು ಪ್ರಮೇಯ. ಇದರ ಪೂರ್ವಪೀಠಿಕೆಯಲ್ಲಿ ನಮ್ಮ ನಾಡಿನಲ್ಲಿ ಹುಟ್ಟಿದವರೊಬ್ಬರ ಹೆಸರೂ ಸೇರಿರುವುದು ಸಂತೋಷದ ವಿಷಯ. ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು, ಅತ್ತಲೂ ಇತ್ತಲೂ ವಾಲದ ಅಂದಾಜು ಎಷ್ಟೇ ಚತುರವಾಗಿದ್ದರೂ ಅದರ ಓಲಾಟ ಒಂದು ಮಿತಿಗಿಂತ ಕೆಳಗೆ ಇಳಿಯಲಾರದೆಂದು 1945ರಲ್ಲಿ ನಿರೂಪಿಸಿದರು. ಇಂದಿಗೂ ಆ ಮಿತಿ ಕ್ರೇಮರ್–ರಾವ್ ಎಂಬ ಜೋಡಿ ಹೆಸರಿನಿಂದಲೇ ಪ್ರಸಿದ್ಧ. ಸ್ಟೈನ್ ತೋರಿಸಿದ ದಾರಿ ಬೇರೆ: ಮೂರು ಅಥವಾ ಹೆಚ್ಚು ಪರಿಮಾಣಗಳನ್ನು ಒಟ್ಟಿಗೆ ಊಹಿಸುವಾಗ, ವಾಲಬಾರದೆಂಬ ನಿಯಮವನ್ನೇ ಬಿಟ್ಟು ಎಲ್ಲ ಅಂದಾಜುಗಳನ್ನೂ ಒಂದು ನಡುವಿನ ಕಡೆಗೆ ವಾಲಿಸಿದರೆ ಒಟ್ಟು ದೋಷ ಕಡಮೆಯಾಗುತ್ತದೆ.

ಈ ಎರಡು ತೊಡಕುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಎರಡನೆಯ ವಿನಿಮಯಕ್ಕೆ ಬರೋಣ. 1965ರ ಡಿಸೆಂಬರಿನಲ್ಲಿ ಸಿನ್ಸಿನಾಟಿ ರೆಡ್ಸ್ ತಂಡದ ಬಿಲ್ ಡಿವಿಟ್, ಹತ್ತು ಋತುಗಳಲ್ಲಿ 324 ಹೋಂ ರನ್‌ಗಳನ್ನು ಬಾರಿಸಿದ್ದ ಫ್ರಾಂಕ್ ರಾಬಿನ್‌ಸನ್‌ನನ್ನು ಬಾಲ್ಟಿಮೋರ್ ಓರಿಯೋಲ್ಸ್‌ಗೆ ಕೊಟ್ಟು, ಮಿಲ್ಟ್ ಪ್ಯಾಪಸ್ ಎಂಬ 26 ವರ್ಷದ ಸಮರ್ಥ ಪಿಚರನನ್ನೂ ಇನ್ನಿಬ್ಬರನ್ನೂ ಪಡೆದನು. ರಾಬಿನ್‌ಸನ್‌ಗೆ ಮೂವತ್ತಾಯಿತು, ಆ ಮೂವತ್ತಕ್ಕೂ ಮೀರಿದ ಮುಪ್ಪು ಅವನಿಗೆ ಬಂದಿದೆ ಎಂಬುದು ಡಿವಿಟ್‌ನ ವಾದ. ಮರುವರ್ಷ ರಾಬಿನ್‌ಸನ್ ಸರಾಸರಿಯಲ್ಲಿಯೂ (0.316), ಹೋಂ ರನ್‌ಗಳಲ್ಲಿಯೂ (49), ಗಳಿಸಿಕೊಟ್ಟ ರನ್ನುಗಳಲ್ಲಿಯೂ (122) ತನ್ನ ಲೀಗಿಗೇ ಮೊದಲಿಗನಾದನು, ಓರಿಯೋಲ್ಸ್ ವಿಶ್ವ ಸರಣಿಯನ್ನು ಗೆದ್ದಿತು.

ಈ ಫಲವನ್ನು ಸಂಪೂರ್ಣವಾಗಿ ಮರೆತು ಅಂದಿನ ಕಾಗದವನ್ನು ನೋಡಿದರೂ ತೀರ್ಪು ಬದಲಾಗುವುದಿಲ್ಲ. ವಿನಿಮಯಕ್ಕೆ ಮುಂಚಿನ ಋತುವಿನಲ್ಲಿಯೇ ಅವನು 0.296ರ ಸರಾಸರಿಯೊಡನೆ 33 ಹೋಂ ರನ್‌ಗಳನ್ನು ಹೊಡೆದಿದ್ದನು. ಅದು 45 ಸರದಿಗಳ ಆಕಸ್ಮಿಕವಲ್ಲ. ಒಂದು ದಶಕದ ಸಾಕ್ಷ್ಯ, ಎಂದರೆ ನಡುವಿನ ಕಡೆಗೆ ಎಳೆಯುವ ಸೂತ್ರವೂ ಹೆಚ್ಚಾಗಿ ಅಲುಗಿಸಲಾರದಷ್ಟು ದೃಢವಾದ ಆಧಾರ. ಬ್ಯಾಟುಗಾರರ ಸಾಮರ್ಥ್ಯ ಸಾಮಾನ್ಯವಾಗಿ 27ನೆಯ ವಯಸ್ಸಿನ ಆಸುಪಾಸಿನಲ್ಲಿ ಶಿಖರಕ್ಕೇರಿ ಅನಂತರ ಮೆಲ್ಲಮೆಲ್ಲನೆ ಇಳಿಯುತ್ತದೆಂಬುದು ನಿಜ. ಮೂವತ್ತಕ್ಕೆ ಅದು ಪ್ರಪಾತದಂತೆ ಬೀಳುವುದಿಲ್ಲ. ರಾಬಿನ್‌ಸನ್ ಮರುವರ್ಷ ಕಾಲು ಮುರಿದುಕೊಂಡು ಒಂದು ಪಂದ್ಯವನ್ನೂ ಆಡದಿದ್ದರೂ ಡಿವಿಟ್‌ನ ತರ್ಕ ದುರ್ಬಲವಾಗಿಯೇ ಉಳಿಯುತ್ತಿತ್ತು. ರಯಾನ್ ಲೋಕವಿಖ್ಯಾತನಾದರೂ ಮೆಟ್ಸ್‌ನವರ ತರ್ಕ ಅಷ್ಟರಿಂದಲೇ ಮೂರ್ಖತನವಾಗುವುದಿಲ್ಲ. ಜನರು ಒಂದೇ ಪಟ್ಟಿಯಲ್ಲಿ ಸೇರಿಸಿರುವ ಈ ಎರಡು ತಪ್ಪುಗಳು ಹೀಗೆ ಬೇರೆ ಬೇರೆ ಜಾತಿಯವು, ಮತ್ತು ಈ ಭೇದವನ್ನು ಕಾಣುವುದೇ ವಿಮರ್ಶೆಯ ಕೆಲಸ.

ಕರಾರುಗಳ ವಿಷಯದಲ್ಲಿ ಮತ್ತೊಂದು ಎಚ್ಚರ ಅವಶ್ಯಕ. 1975ರ ಡಿಸೆಂಬರಿನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಸ್ ಕೊಟ್ಟ ತೀರ್ಪು, ಆಟಗಾರನನ್ನು ಕಾಯಮ್ಮಾಗಿ ಒಂದೇ ತಂಡಕ್ಕೆ ಕಟ್ಟಿಹಾಕುತ್ತಿದ್ದ ಕಟ್ಟಳೆಯನ್ನು ಸಡಿಲಿಸಿತು. ಅಲ್ಲಿಂದ ಮುಂದೆ ಸ್ವತಂತ್ರ ಆಟಗಾರರಿಗಾಗಿ ತಂಡಗಳು ಹರಾಜಿನಂತೆ ಪೈಪೋಟಿ ನಡೆಸತೊಡಗಿದುವು. ಹರಾಜಿನ ಅಪಾಯವೊಂದನ್ನು 1971ರಲ್ಲಿಯೇ ಅಟ್ಲಾಂಟಿಕ್ ರಿಚ್‌ಫೀಲ್ಡ್ ಎಂಬ ತೈಲ ಕಂಪನಿಯ ಮೂವರು ಎಂಜಿನಿಯರುಗಳು ಮೆಕ್ಸಿಕೋ ಕೊಲ್ಲಿಯ ತೈಲಕ್ಷೇತ್ರಗಳ ಹರಾಜಿನಲ್ಲಿ ಗುರುತಿಸಿದ್ದರು. ಒಬ್ಬ ಆಟಗಾರನ ನಿಜವಾದ ಬೆಲೆ 100 ಮಿಲಿಯನ್ ಡಾಲರ್ ಎಂದಿಟ್ಟುಕೊಳ್ಳೋಣ. ಐದು ತಂಡಗಳ ಪ್ರಾಮಾಣಿಕವಾದ ಅಂದಾಜುಗಳು 80, 90, 100, 110, 120 ಎಂದಿರಲಿ. ಸರಾಸರಿಯಲ್ಲಿ ಇವರ ಅಂದಾಜು ಸರಿ; ಆದರೆ ಆಟಗಾರನು ಹೋಗುವುದು ಸರಾಸರಿಯವರಿಗಲ್ಲ, ಎಲ್ಲರಿಗಿಂತ ಮೇಲೆ ತಪ್ಪಿದವರಿಗೆ. ಗೆದ್ದವನ ಶಾಪವೆಂದು ಇದು ಅರ್ಥಶಾಸ್ತ್ರದಲ್ಲಿ ಪ್ರಸಿದ್ಧ. ಸೇಂಟ್ ಲೂಯಿಸ್ ನಗರದಲ್ಲಿ ಹನ್ನೊಂದು ಋತು ಆಡಿ 0.328ರ ಸರಾಸರಿ ಪಡೆದಿದ್ದ ಆಲ್ಬರ್ಟ್ ಪುಹೋಲ್ಸ್‌ಗೆ 2011ರ ಡಿಸೆಂಬರಿನಲ್ಲಿ, ಅವನಿಗೆ 32 ತುಂಬುವ ಹೊತ್ತಿಗೆ, ಏಂಜಲ್ಸ್ ತಂಡ ಹತ್ತು ವರ್ಷಕ್ಕೆ 240 ಮಿಲಿಯನ್ ಡಾಲರುಗಳ ಕರಾರು ಕೊಟ್ಟಿತು. ಅಲ್ಲಿ ಅವನ ಸರಾಸರಿ 0.256ಕ್ಕೆ ಇಳಿದು, 2021ರಲ್ಲಿ ಕರಾರು ಮುಗಿಯುವ ಮುಂಚೆಯೇ ತಂಡ ಅವನನ್ನು ಬಿಟ್ಟುಬಿಟ್ಟಿತು. ವಯಸ್ಸಿನ ಇಳಿಜಾರೂ ಹರಾಜಿನ ಸೆಳೆತವೂ ಸೇರಿದ ಇಂಥ ಕರಾರನ್ನು ಸಹಿಯಾದ ದಿನವೇ ಶಂಕಿಸುವುದಕ್ಕೆ ಆಧಾರವಿತ್ತು. ಆ ದಿನ ಶಂಕಿಸಿದವರ ಮಾತಿಗೆ ಹತ್ತು ವರ್ಷದ ಮೇಲೆ ಶಂಕಿಸಿದವರ ಮಾತಿಗಿಂತ ಎಷ್ಟೋ ಪಾಲು ಹೆಚ್ಚಿನ ಮರ್ಯಾದೆ ಸಲ್ಲತಕ್ಕದ್ದು.

ಹಾಗಾದರೆ ವಿಮರ್ಶಕನು ಮಾಡಬೇಕಾದುದೇನು? ಚಳಿಗಾಲದಲ್ಲಿಯೇ, ಚೆಂಡು ಎದ್ದು ಹಾರುವ ಮೊದಲೇ, ತನ್ನ ಅಭಿಪ್ರಾಯವನ್ನು ಸಂಭಾವ್ಯತೆಯ ರೂಪದಲ್ಲಿ ಬರೆದಿಡಬೇಕು. ಅಮೆರಿಕದ ಹವಾಮಾನ ಇಲಾಖೆಯ ಗ್ಲೆನ್ ಬ್ರೈಯರ್ 1950ರಲ್ಲಿ ಮಳೆಯ ಮುನ್ಸೂಚನೆಗಳನ್ನು ಒರೆಗೆ ಹಚ್ಚಲು ರೂಪಿಸಿದ ಅಳತೆ ಇಲ್ಲಿಗೂ ಒಪ್ಪುತ್ತದೆ. ಈ ವಿನಿಮಯ ಫಲಿಸುವ ಸಂಭವ ನೂರಕ್ಕೆ 70 ಎಂದು ಬರೆದಿಟ್ಟು ಅದು ಫಲಿಸಿದರೆ, ಒಂದರಿಂದ 0.7ನ್ನು ಕಳೆದು ಬಂದ 0.3ನ್ನು ವರ್ಗಮಾಡಿ ಬರುವ 0.09 ನಿಮ್ಮ ದೋಷ, ಫಲಿಸದಿದ್ದರೆ 0.7ರ ವರ್ಗ, 0.49. ಒಂದು ವಿನಿಮಯದಿಂದ ಏನೂ ಸಿದ್ಧವಾಗದು. ಹಲವು ಚಳಿಗಾಲಗಳ ಹಲವು ಬರೆಹಗಳನ್ನು ಕೂಡಿಸಿ ಸರಾಸರಿ ತೆಗೆದಾಗ, ಯಾರ ವಿವೇಕ ನಿಜ, ಯಾರದು ಕೇವಲ ಆತ್ಮವಿಶ್ವಾಸ ಎಂಬುದು ಗೋಚರವಾಗುತ್ತದೆ. ಬರೆದಿಟ್ಟ ಅಂಕಿಯನ್ನು ನೆನಪು ತಿದ್ದಲಾರದು. ಈ ಪದ್ಧತಿಯ ಶ್ರೇಷ್ಠತೆ ಇರುವುದು ಅಲ್ಲಿಯೇ.

ಭವಿಷ್ಯವನ್ನು ಕಾಣದೆ ನಿರ್ಧರಿಸುವುದು ಮನುಷ್ಯನಿಗೆ ಅನಿವಾರ್ಯ. ತಂಡದ ವ್ಯವಸ್ಥಾಪಕನೂ ವೈದ್ಯನೂ ರೈತನೂ ಈ ವಿಷಯದಲ್ಲಿ ಸಮಾನರು. ಒಳ್ಳೆಯ ನಿರ್ಧಾರಕ್ಕೆ ಕೆಟ್ಟ ಫಲ ಬಂದಾಗ ನಿರ್ಧರಿಸಿದವನನ್ನು ದಂಡಿಸುವ ಸಮಾಜದಲ್ಲಿ ಜನರು ವಿವೇಕವನ್ನು ಬಿಟ್ಟು ಆಕ್ಷೇಪಣೆಗೆ ಸಿಕ್ಕದ ದಾರಿಯನ್ನಷ್ಟೇ ಹುಡುಕತೊಡಗುತ್ತಾರೆ. ಕೆಟ್ಟ ನಿರ್ಧಾರಕ್ಕೆ ದೈವವಶಾತ್ ಒಳ್ಳೆಯ ಫಲ ಬಂದಾಗ ಸನ್ಮಾನಿಸುವ ಸಮಾಜ ಮುಂದಿನ ಅನರ್ಥಕ್ಕೆ ತಾನೇ ಹಾದಿ ತೆರೆಯುತ್ತದೆ. ಆದುದರಿಂದ ಹಿಂದಿನ ನಿರ್ಧಾರಗಳನ್ನು ಮತ್ತೆ ಮತ್ತೆ ಪರಿಶೀಲಿಸೋಣ, ನಿರ್ದಾಕ್ಷಿಣ್ಯವಾಗಿಯೇ ಪರಿಶೀಲಿಸೋಣ. ಆದರೆ ನಿರ್ಧರಿಸಿದವನಿಗೆ ಅಂದು ಗೊತ್ತಿದ್ದುದಕ್ಕಿಂತ ಹೆಚ್ಚಿನದನ್ನು ಅವನ ವಿರುದ್ಧ ಸಾಕ್ಷಿಯಾಗಿ ಬಳಸದೆ, ನಾವು ಅಂದು ಏನು ಹೇಳಿದ್ದೆವೆಂಬ ಬರೆಹವನ್ನೂ ಅದರ ಪಕ್ಕದಲ್ಲಿಯೇ ಇಟ್ಟುಕೊಂಡು ಪರಿಶೀಲಿಸೋಣ.