ಮುಂಬಯಿಯಲ್ಲಿ ಮುಖ ಕೆಡಿಸಿಕೊಂಡ ಉಕ್ಕು

ಭದ್ರಾವತಿ ‘ಉಕ್ಕಿನ ನಗರಿ’ ಎಂಬ ಮಾತು ಭಾಷಣಗಳಲ್ಲಿ ಸವೆದುಹೋಗಿದೆ. ಆದರೆ ಅಲ್ಲಿ ಕಾರ್ಖಾನೆಯ ಕೆಲಸ ಶುರುವಾಗುವ ನೂರಿಪ್ಪತ್ತು ವರ್ಷ ಮೊದಲೇ ನಮ್ಮ ಉಕ್ಕು ಇಂಗ್ಲಿಷಿಗೆ ಸೇರಿಹೋಗಿತ್ತು, ಗುರುತು ಸಿಗದ ವೇಷದಲ್ಲಿ: ‘ವೂಟ್ಜ್’.

ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ 1794ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಈ ಉಕ್ಕಿನ ಮಾದರಿ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಪ್ರಬಂಧ ಬರೆದ. ಮುಂಬಯಿಯಲ್ಲಿ ತಯಾರಾಗುವ, ಅಲ್ಲಿ ವೂಟ್ಜ್ ಎನಿಸಿಕೊಳ್ಳುವ ಉಕ್ಕು ಎಂದು ತಲೆಬರಹದಲ್ಲೇ ಇತ್ತು. ಮೂಸೆಯ ಮುಂದೆ ಬೆವರಿದ ದಕ್ಷಿಣದ ಕಮ್ಮಾರರು ಅಲ್ಲಿಗೇ ಮಾಯ!

ಈ ವಿಚಿತ್ರ ಕಾಗುಣಿತ ಬಂದದ್ದೆಲ್ಲಿಂದ? 1886ರಲ್ಲಿ ‘ಹಾಬ್ಸನ್-ಜಾಬ್ಸನ್’ ಕೋಶ ತಂದ ಯೂಲ್ ಮತ್ತು ಬರ್ನೆಲ್, ಇದು ಗುಮಾಸ್ತನ ಕೈತಪ್ಪಿರಬೇಕು ಎಂದು ಅನುಮಾನಿಸಿದರು. ಕನ್ನಡದ ‘ಉಕ್ಕು’ ಇಂಗ್ಲಿಷ್ ಲಿಪಿಯಲ್ಲಿ ‘ವೂಕ್’ ಆಗಿ, ಅದನ್ನು ಯಾರೋ ತಪ್ಪಾಗಿ ಓದಿ ‘ವೂಟ್ಜ್’ ಮಾಡಿದ್ದಾರೆ ಎಂಬುದು ಅವರ ಊಹೆ. ‘ಉಚ್ಚ’ ಎಂಬುದರಿಂದ ಬಂತು ಎನ್ನುವವರೂ ಇದ್ದಾರೆ. ಮಾಲು ಉಕ್ಕು, ಮಾಡಿದ ಸೀಮೆಗಳಲ್ಲಿ ಮೈಸೂರೂ ಒಂದು. ಹೀಗಿರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕೋ ನನಗಂತೂ ಹೊಳೆಯದು. ಇಂಗ್ಲಿಷರು ಅದನ್ನು ವಿಶೇಷಣ ಮಾಡಿಕೊಂಡು ‘ವೂಟ್ಜ್ ಸ್ಟೀಲ್’ ಅನ್ನುತ್ತಾರೆ. ಉಕ್ಕು ಉಕ್ಕು! ನಮ್ಮ ‘ನಡುಸೆಂಟರ್’ ಇದ್ದಂತೆ.

ಲಂಡನ್ನಿನ ಚಾಕು-ಕತ್ತರಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕಿಗೆ ಮಾರುಹೋದ. ಕಮ್ಮಾರನ ಮಗ ಮೈಕೆಲ್ ಫ್ಯಾರಡೆ ಅವನ ಜೊತೆಗೂಡಿದ. ವೂಟ್ಜ್‌ನ ಗುಟ್ಟು ಬಿಡಿಸಲು ಹೋಗಿ ಇಬ್ಬರೂ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಬೆರೆಸಿ ನೋಡಿದರು. ಮಿಶ್ರಲೋಹದ ಉಕ್ಕಿನ ಶಾಸ್ತ್ರೀಯ ಅಧ್ಯಯನದ ಮೊದಲ ಪುಟಗಳಲ್ಲಿ ಈ ಪ್ರಯೋಗಗಳಿವೆ. ನಮ್ಮ ಮೂಸೆಯವರು ಕಬ್ಬಿಣದ ತುಂಡಿನ ಜೊತೆ ತಂಗಡಿ ಕಟ್ಟಿಗೆ, ಹಸಿ ಎಲೆ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಗುಟ್ಟಿದ್ದದ್ದು ಆ ಕಟ್ಟಿಗೆ-ಎಲೆಗಳಿಂದ ಕಬ್ಬಿಣಕ್ಕೆ ಸೇರುತ್ತಿದ್ದ ಇಂಗಾಲದಲ್ಲಿ.

ಬೆಂಕಿಪುರ ಎನಿಸಿಕೊಂಡಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗತೊಡಗಿದಾಗಲೂ ಉರಿದದ್ದು ಮಲೆನಾಡಿನ ಮರದ ಇದ್ದಿಲೇ. ಕೆಮ್ಮಣ್ಣುಗುಂಡಿಯ ಅದಿರು, ವಿಶ್ವೇಶ್ವರಯ್ಯನವರ ಹಟ. ಮುಂದೆ ಕಾರ್ಖಾನೆ ಹೆಸರು ಮಾಡಿದ್ದು ಮಿಶ್ರಲೋಹದ ಉಕ್ಕಿನಲ್ಲಿ, ಅಂದರೆ ಸ್ಟೋಡಾರ್ಟ್-ಫ್ಯಾರಡೆ ಕೈಹಾಕಿದ್ದ ಕಸುಬಿನಲ್ಲಿ. ಅದನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಕಾರ್ಖಾನೆಗೆ ಅದು ನೂರನೇ ವರ್ಷ.